ಒಂದೇ ಲಾಟು

ಹಾರನಹಳ್ಳಿ,
ಆಷಾಢದ ಎರಡನೇ ಸೋಮವಾರ, ಮಧ್ಯಾಹ್ನ

ಪ್ರೀತಿಯ ಮಗಳು ಹೇಮಾಶ್ರೀಗೆ,

ಹೇಗಿದ್ದೀಯವ್ವ? ಉಳುಕಿದ ಕಾಲು ಈಗ ಹೇಗಿದೆ? ಭಾನುವಾರ ಫೋನಿನಲ್ಲಿ ಹೇಳಿದೆಯಂತೆ, ನಿನ್ನ ಅಮ್ಮನಿಂದ ತಿಳಿಯಿತು. ನಾನು ನೇರವಾಗಿ ಕೇಳೋಣವೆಂದರೆ ಪುರಸೊತ್ತೆಲ್ಲಿ? ನಿಮ್ಮ ಪೊಲೀಸ್ ಟ್ರೈನಿಂಗ್ ಕಾಲೇಜಿನವರು ವಾರಕ್ಕೆ ಕೊಡುವುದು ಹದಿನೈದು ನಿಮಿಷ, ಅದರಲ್ಲಿ ಹದಿನಾಲ್ಕು ಅವಳ ಪಾಲು. ಉಳಿದ ಒಂದು ನಿಮಿಷದಲ್ಲಿ ನಾನು "ಊಟ ಆಯ್ತೇನವ್ವ" ಅನ್ನುವಷ್ಟರಲ್ಲಿ ಕಟ್ ಆಗುತ್ತದೆ. ಅದಕ್ಕೇ ಈ ಪತ್ರ. ಪತ್ರದಲ್ಲಿ ಇನ್ನೊಂದು ಅನುಕೂಲವಿದೆ, ನಡುವೆ ಬಾಯಿ ಹಾಕುವವರು ಇರುವುದಿಲ್ಲ. ಕಲಬುರಗಿಯಲ್ಲಿ ಮಳೆ ಬಂತೇ? ರೊಟ್ಟಿ ಚೆನ್ನಾಗಿರುತ್ತದೆ ಎಂದು ಹೊಗಳುತ್ತಿದ್ದೀಯಂತೆ. ಹೊಗಳು, ಬೇಡ ಅನ್ನುವುದಿಲ್ಲ, ಆದರೆ ಎರಡು ನಕ್ಷತ್ರ ಹಾಕಿಕೊಂಡು ಬರುವ ಹೊತ್ತಿಗೆ ಮುದ್ದೆ ನುಂಗುವುದು ಮರೆತಿದ್ದರೆ ಮಾತ್ರ ಊರೊಳಕ್ಕೆ ಸೇರಿಸುವುದಿಲ್ಲ. ಕಾಲಿಗೆ ಎಣ್ಣೆ ಹಚ್ಚಿ ಬಿಸಿನೀರು ಹುಯ್ದುಕೊ. ಓಡುವಾಗ ಮುಂದಿನವಳನ್ನು ನೋಡಿ ಓಡಬೇಡ, ನೆಲ ನೋಡಿ ಓಡು.

ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ರಾಗಿ ಬಿತ್ತನೆ ಆಯಿತು, ಜಡಿಮಳೆ ಹಿಡಿದಿದೆ. ಹಳೇಬೀಡಿನ ನಿನ್ನ ಚಿಕ್ಕಮ್ಮನಿಗೆ ಕಣ್ಣಿನ ಪೊರೆ ತೆಗೆಸಿದರು. ನಿನ್ನ ಅಮ್ಮ ಹೋಗಿ ಆರು ದಿನ ಇದ್ದು ನೋಡಿಕೊಂಡು ಬಂದಳು. ಈಗ ದೊಡ್ಡ ಸುದ್ದಿ. ಬರುವ ಗುರುವಾರ ಅರಸೀಕೆರೆಯಲ್ಲಿ ತಾಲ್ಲೂಕಿನ ಮಹಿಳಾ ಸಂಘಗಳೆಲ್ಲ ಸೇರಿ ಒಂದು ಸಭೆ ಮಾಡುತ್ತಿವೆ. ಷೇರು ಮಾರುಕಟ್ಟೆ ಸದ್ದಿಲ್ಲದೆ ಮಲಗಿರುವಾಗ ಹಣ ಹಾಕಿದವರು ಏನು ಮಾಡಬೇಕು ಎಂಬುದರ ಮೇಲೆ ಅರ್ಧ ಗಂಟೆ ಮಾತಾಡಲು ಕರೆದಿರುವುದು ಯಾರನ್ನು ಗೊತ್ತೇ? ಬೆಂಗಳೂರಿನಿಂದ ಯಾರನ್ನೋ ಅಲ್ಲ. ಹಾರನಹಳ್ಳಿಯ ವೆಂಕಟಲಕ್ಷ್ಮಮ್ಮನನ್ನು! ಎಸ್ಸೆಸ್ಸೆಲ್ಸಿ ಓದಿದ, ಡೈರಿಗೆ ಹಾಲು ಹಾಕುವ, ನಿನ್ನ ಅಮ್ಮನನ್ನು. ಕಾಗದ ತಂದುಕೊಟ್ಟವರು ಹೋದ ಮೇಲೆ ನಾನು ಅದನ್ನು ಮೂರು ಸಲ ಓದಿದೆ. ಎದೆ ಉಬ್ಬಿತು ಮಗಳೇ. ಆಮೇಲೆ ಅದನ್ನು ಮಡಚಿ, ನನ್ನ ಕಣ್ಣಿಗೆ ಬೀಳದ ಹಾಗೆ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ. ಅದು ಏಕೆಂದು ಹೇಳುವುದಕ್ಕೇ ಬರೆಯಲು ಕೂತಿದ್ದೇನೆ. ನಾನು ಒಂದು ತಪ್ಪು ಮಾಡಿದ್ದೇನೆ. ಅವಳಿಗೆ ಹೇಳಿಲ್ಲ. ಗುರುವಾರದೊಳಗೆ ಹೇಳದಿದ್ದರೆ, ನನ್ನ ತಪ್ಪಿನಿಂದಾಗಿ ಅಷ್ಟು ಜನ ಹೆಂಗಸರ ಮುಂದೆ ಅವಳ ಬಾಯಿಂದ ಸುಳ್ಳು ಬರುತ್ತದೆ.

ಟ್ರೈನಿಂಗಿಗೆ ಹೋಗುವ ಮುಂಚೆ ನೀನು ನಮ್ಮಿಬ್ಬರಿಗೂ ಷೇರು ಖಾತೆ ಮಾಡಿಸಿಕೊಟ್ಟು ಹೋದೆಯಲ್ಲ, ಅವತ್ತಿನಿಂದ ಅವಳು ಅದನ್ನು ಹಿಡಿದ ರೀತಿಯೇ ಬೇರೆ. ಹಾಲಿನ ದುಡ್ಡು, ಪೊರಕೆಕಡ್ಡಿ ಮಾರಿದ ದುಡ್ಡು ಕೂಡಿಸಿ, ಹನಿ ನೀರಾವರಿಯ ಪೈಪು ಮಾಡುವ ಆ ಸಣ್ಣ ಕಂಪನಿಯ ಷೇರು ಕೊಂಡಳು. ಏಕೆ ಅದೇ ಎಂದು ಕೇಳಿದ್ದಕ್ಕೆ, "ನಮ್ ತೋಟದಲ್ಲಿ ಒಂಬತ್ತು ವರ್ಷದಿಂದ ಬಿಸಿಲಲ್ಲಿ ಬಿದ್ದೈತೆ, ಒಂದ್ ಪೈಪೂ ಒಡೆದಿಲ್ಲ" ಅಂದಳು. ಕನ್ನಡದಲ್ಲಿ ಸಿಕ್ಕಿದ್ದನ್ನು ತಾನೇ ಓದಿದಳು, ಇಂಗ್ಲಿಷಿನದನ್ನು ಅರಸೀಕೆರೆಯ ಷೇರು ಆಫೀಸಿನ ಅರುಣಾಳ ಕೈಲಿ ಓದಿಸಿಕೊಂಡಳು. ಅವಳ ಮಾತು ಕೇಳಿ ನಾನೂ ಐನೂರು ಕೊಂಡೆ. ಊರಿನ ಎಂಟು ಹೆಂಗಸರು ಅವಳನ್ನು ನೋಡಿ ಖಾತೆ ತೆರೆದರು. ಜಮೀನು ನನ್ನ ಹೆಸರಿನಲ್ಲಿದೆ, ಮನೆ ನಿನ್ನ ತಾತನ ಹೆಸರಿನಲ್ಲಿದೆ. ಆ ಷೇರು ಮಾತ್ರ ಅವಳದೇ ಹೆಸರಿನಲ್ಲಿ ಅವಳು ಮೊದಲು ಮಾಡಿದ ಆಸ್ತಿ.

ಆದರೆ ಮಾರುಕಟ್ಟೆ ಮಲಗಿಬಿಟ್ಟಿತು. ಬೀಳಲಿಲ್ಲ, ಏಳಲೂ ಇಲ್ಲ. ಎಂಟು ತಿಂಗಳಿಂದ ಕೊಳ್ಳುವವರೂ ಇಲ್ಲ, ಮಾರುವವರೂ ಇಲ್ಲ. ಅರಸೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರ, ಗೊಬ್ಬರದ ಅಂಗಡಿ ಮೇಲಿನ ಅರುಣಾಳ ಆಫೀಸು ನಿನಗೆ ಗೊತ್ತಲ್ಲ. ನೀನಿದ್ದಾಗ ಅಲ್ಲಿ ಬೆಂಚಿನ ಮೇಲೆ ಜಾಗ ಸಿಗುತ್ತಿರಲಿಲ್ಲ, ಜನ ಮೆಟ್ಟಿಲ ಮೇಲೆ ನಿಂತು ಟಿವಿ ನೋಡುತ್ತಿದ್ದರು. ಈಗ ಇಬ್ಬರೇ. ರೈಲ್ವೆ ಗಾರ್ಡ್ ಆಗಿ ರಿಟೈರಾದ ಉಗ್ರಪ್ಪ, ನಿನ್ನ ಮಿಡ್ಲ್ ಸ್ಕೂಲಿನ ಮರಿಯಣ್ಣ ಮೇಷ್ಟ್ರು. ಟಿವಿಗೆ ದನಿಯೇ ಇಲ್ಲ. ಉಗ್ರಪ್ಪ ತೂಕಡಿಸುತ್ತಾರೆ, ಮೇಷ್ಟ್ರು ಪದಬಂಧ ತುಂಬುತ್ತಾರೆ, ಅರುಣಾ ಒಳಗಿನ ಪ್ಲೈವುಡ್ ಕೋಣೆಯಲ್ಲಿ ಕೂತು ಊರವರ ಮಕ್ಕಳಿಗೆ ಸ್ಕಾಲರ್‌ಶಿಪ್ ಅರ್ಜಿ ತುಂಬಿಕೊಡುತ್ತಾಳೆ. ಒಂದು ದಿನ ಕೇಳಿದೆ, ಯಾಕಪ್ಪಾ ಹೀಗೆ ಎಂದು. ಉಗ್ರಪ್ಪ ಕಣ್ಣು ಮುಚ್ಚಿಕೊಂಡೇ, "ಗಾಡಿ ಸುಮ್ನೆ ನಿಂತೈತೆ ಅಂದ್ರೆ ಎದುರುಗಡೆಯಿಂದ ಇನ್ನೊಂದು ಬತ್ತಾ ಐತೆ ಅಂತ ಕಣಯ್ಯ" ಅಂದರು. ಎದುರಿನಿಂದ ಬರುವುದು ಒಳ್ಳೆಯದೋ ಕೆಟ್ಟದ್ದೋ ಅಂದೆ. ಅದು ಗಾರ್ಡಿಗೆ ಗೊತ್ತಿರುವುದಿಲ್ಲವಂತೆ.

ನೋಡು ಮಗಳೇ, ಬೆಲೆ ಇಳಿದರೆ ಬೈಯಬಹುದು, ಏರಿದರೆ ಕುಣಿಯಬಹುದು, ಎರಡೂ ಇಲ್ಲದಿದ್ದರೆ ಮನುಷ್ಯ ಏನು ಮಾಡಬೇಕು? ನಾನು ಮೂವತ್ತು ವರ್ಷ ಅರಸೀಕೆರೆ ಮಾರುಕಟ್ಟೆಯಲ್ಲಿ ಕೊಬ್ಬರಿ ಮಾರಿದವನು. ಗದ್ದಲವಿಲ್ಲದ ಮಾರುಕಟ್ಟೆ ಕಂಡರೆ ನನಗೆ ಸಾವಿನ ಮನೆಗೆ ಹೋದ ಹಾಗಾಗುತ್ತದೆ. ದಿನಾ ಬೆಳಿಗ್ಗೆ ಅವಳನ್ನು ಕೇಳುವುದು, "ಏನಾಯ್ತು?" ಅವಳು, "ಏನೂ ಆಗಿಲ್ಲ." ಮಧ್ಯಾಹ್ನ ಮತ್ತೆ ಕೇಳುವುದು. ಒಂದು ದಿನ ರೇಗಿ ಹೋದಳು. "ಅಟ್ಟದ ಮೇಲೆ ಕಾಯಿ ಹಾಕಿ ಹನ್ನೊಂದು ತಿಂಗಳು ಸುಮ್ನಿರೋ ಗಂಡಸಿಗೆ, ಎಂಟು ತಿಂಗಳು ಷೇರು ಸುಮ್ನಿದ್ರೆ ಮೈ ಪರಚಿಕೊಳ್ಳೋದ್ಯಾಕೆ? ದಿನಾ ಅಲ್ಲಾಡಿಸಿ ನೋಡಿದ್ರೆ ಕೊಬ್ಬರಿ ಬೇಗ ಆಗ್ತೈತಾ?" ಹೆಂಡತಿ ರೇಗಿದಾಗ ಗಂಡಸರು ಮಾಡುವ ಕೆಲಸವನ್ನೇ ನಾನೂ ಮಾಡಿದೆ, ಎದ್ದು ತೋಟಕ್ಕೆ ಹೋದೆ.

ಅವಳು ಹಳೇಬೀಡಿಗೆ ಹೋದ ನಾಲ್ಕನೇ ದಿನ ನಾನು ಅರಸೀಕೆರೆ ಬಸ್ಸು ಹತ್ತಿದೆ. ಯಾವ ತುರ್ತೂ ಇರಲಿಲ್ಲ, ಯಾರಿಗೂ ಕೊಡಬೇಕಾದ್ದೂ ಇರಲಿಲ್ಲ. ಬೇಸರ ಬಂದಿತ್ತು, ಅಷ್ಟೇ. ಅವಳು ಊರಲ್ಲಿಲ್ಲವೆಂಬ ಧೈರ್ಯವೂ ಇತ್ತೆಂದು ಇಟ್ಟುಕೊ. ಒಳಕೋಣೆಗೆ ಹೋಗಿ ಅರುಣಾಳಿಗೆ ಹೇಳಿದೆ, ನನ್ನ ಐನೂರನ್ನೂ ಮಾರಿಬಿಡಮ್ಮ ಎಂದು. ಅವಳು ಕಂಪ್ಯೂಟರ್ ನೋಡಿ, "ಅಣ್ಣಾ, ಇವತ್ತು ಕೊಳ್ಳೋರೇ ಇಲ್ಲ. ಒಬ್ರು ಮೂವತ್ತು ಷೇರು ಕೇಳಿದಾರೆ, ಇನ್ನೊಬ್ರು ಇಪ್ಪತ್ತು, ಅದೂ ಒಬ್ರಿಗಿಂತ ಒಬ್ರು ಕಮ್ಮಿ ಬೆಲೆಗೆ. ಇಷ್ಟೇ ಬೇಕು ಅಂತ ಒಂದು ಬೆಲೆ ಹಾಕಿ, ಸ್ವಲ್ಪ ಸ್ವಲ್ಪ ಮಾರೋಣ" ಅಂದಳು. ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದಳು. ನನಗೆ ಅದೇ ಚುಚ್ಚಿತು. ಕೊಬ್ಬರಿ ವ್ಯಾಪಾರದಲ್ಲಿ ನಿನ್ನ ತಾತ ನನಗೆ ಕಲಿಸಿದ ಮೊದಲ ಪಾಠವೇ ಲಾಟು ಒಡೆಯಬಾರದು ಎಂಬುದು. ಹತ್ತು ಮೂಟೆ ಇಲ್ಲಿ, ಐದು ಮೂಟೆ ಅಲ್ಲಿ ಎಂದು ಮಾರಲು ಹೊರಟರೆ, ಇವನಿಗೆ ದುಡ್ಡಿನ ಅಡಚಣೆ ಎಂದು ಮಂಡಿಯವರಿಗೆ ವಾಸನೆ ಹತ್ತುತ್ತದೆ. ಉಳಿದ ಮಾಲನ್ನು ಕೇಳಿದ ಬೆಲೆಗೆ ಕೊಡಬೇಕಾಗುತ್ತದೆ. ಇಡೀ ಲಾಟು ಒಟ್ಟಿಗೆ ಇಟ್ಟವನಿಗೇ ಬೆಲೆ, ಮರ್ಯಾದೆ ಎರಡೂ. ಅದಕ್ಕೇ ಗತ್ತಿನಿಂದ, "ಲಾಟು ಒಡೆಯೋ ಮಾತು ನನ್ ಮುಂದೆ ಆಡ್ಬೇಡ. ಇದ್ದ ಬೆಲೆಗೆ ಒಂದೇ ಲಾಟು, ಪೂರ್ತಿ ಕೊಟ್ಬಿಡು" ಅಂದೆ. ಎರಡು ಸಲ ಕೇಳಿದಳು, ಎರಡು ಸಲವೂ ಹಾಗೇ ಅಂದೆ.

ಕೊಬ್ಬರಿ ಲಾಟನ್ನು ಒಬ್ಬನೇ ಕೊಳ್ಳುತ್ತಾನೆ. ಇಲ್ಲಿ ಹಾಗಲ್ಲವಂತೆ. ಮೊದಲನೆಯವನು ತನ್ನ ಮೂವತ್ತು ತೆಗೆದುಕೊಂಡ, ಎರಡನೆಯವನು ಕಮ್ಮಿ ಬೆಲೆಗೆ ಇಪ್ಪತ್ತು, ಮೂರನೆಯವನು ಇನ್ನೂ ಕಮ್ಮಿಗೆ. ಹೀಗೆ ನನ್ನ ಐನೂರು ಷೇರು ಒಂದು ನಿಮಿಷದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಉರುಳಿಕೊಂಡು ಕೆಳಗೆ ಹೋಯಿತು. ಬೆಲೆ ಹತ್ತರಲ್ಲಿ ಒಂದು ಭಾಗ ಬಿತ್ತು. ಎಂಟು ತಿಂಗಳು ಮಲಗಿದ್ದ ಷೇರು ಟಿವಿಯಲ್ಲಿ ಕೆಂಪಗಾಯಿತು! ಹೊರಗೆ ಬೆಂಚಿನ ಮೇಲೆ ಗಲಾಟೆ ಎದ್ದಿತು. ಮೇಷ್ಟ್ರ ಬಳಿಯೂ ಅದೇ ಷೇರು ಇದೆ, ಉಗ್ರಪ್ಪನ ಬಳಿಯೂ ಇದೆ. ಇಬ್ಬರೂ ಕೊಂಡಿದ್ದು ನಿನ್ನ ಅಮ್ಮನ ಮಾತು ಕೇಳಿ. "ಯಾರೋ ದೊಡ್ಡೋರಿಗೆ ಒಳಗಿನ ಸುದ್ದಿ ಗೊತ್ತಾಗೈತೆ" ಎಂದರು ಮೇಷ್ಟ್ರು. ನಗಬೇಡ, ನನಗೂ ಹಾಗೇ ಅನ್ನಿಸಿತು! ಸದ್ಯ, ದೊಡ್ಡವರು ಮಾರುವ ಹೊತ್ತಿಗೆ ಸರಿಯಾಗಿ ನಾನೂ ಹೊರಬಿದ್ದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅರುಣಾ ಕಂಪ್ಯೂಟರನ್ನು ನನ್ನ ಕಡೆಗೆ ತಿರುಗಿಸಿ, ಮೆಲ್ಲಗೆ, "ಅಣ್ಣಾ, ಆ ದೊಡ್ಡೋರು ನೀವೇ" ಅಂದಳು. ಜೀವಮಾನದಲ್ಲಿ ಒಂದೇ ಸಲ ನನ್ನನ್ನು ದೊಡ್ಡವನು ಅಂದಿದ್ದು, ಅದೂ ಇದಕ್ಕೆ.

ಮೇಷ್ಟ್ರು ಪದಬಂಧ ಬದಿಗಿಟ್ಟು ಮಾರುವ ಚೀಟಿ ಬರೆಯುತ್ತಿದ್ದರು. ಉಗ್ರಪ್ಪ ಅಳಿಯನಿಗೆ ಫೋನ್ ಹಚ್ಚಿದ್ದರು. ಆ ಹೊತ್ತಿಗೆ ಅರುಣಾಳ ಫೋನು ಬಡಿದುಕೊಂಡಿತು. ನಿನ್ನ ಅಮ್ಮ, ಹಳೇಬೀಡಿನಿಂದ! ಅವಳು ಅಲ್ಲಿ ಕೂತು ತನ್ನ ಫೋನಿನಲ್ಲಿ ಎಲ್ಲವನ್ನೂ ನೋಡುತ್ತಿದ್ದಳು. ಬೆಂಚಿನವರಿಗೆಲ್ಲ ಕೇಳುವ ಹಾಗೆ ಇಡಮ್ಮ ಅಂದಳಂತೆ. ನಾನು ಎರಡೂ ಕೈ ಮುಗಿದು ಅರುಣಾಳಿಗೆ ಸನ್ನೆ ಮಾಡಿದೆ, ನನ್ನ ಹೆಸರು ಎತ್ತಬೇಡ ಎಂದು. ಮಾರಿದವರ ಹೆಸರು ಹೇಳುವುದು ಅವರ ನಿಯಮದಲ್ಲೂ ಇಲ್ಲವಂತೆ, ಬಚಾವಾದೆ. ಫೋನಿನಿಂದ ನಿನ್ನ ಅಮ್ಮನ ದನಿ ಬಂತು. ಆ ದನಿ ಇನ್ನೂ ನನ್ನ ಕಿವಿಯಲ್ಲಿದೆ. "ಮೇಷ್ಟ್ರೇ, ಕಂಪನಿ ಬಾಗ್ಲು ಹಾಕೈತಾ? ಇಲ್ಲ. ಏನಾದ್ರೂ ಕೆಟ್ಟ ಸುದ್ದಿ ಬಂದೈತಾ? ನೋಡ್ದೆ, ಇಲ್ಲ. ಇಡೀ ದಿನಕ್ಕೆ ಕೈ ಬದಲಾಗಿರೋದು ಐನೂರು ಚಿಲ್ರೆ ಷೇರು. ಊರೆಲ್ಲ ಮಾರ್ತಾ ಇದ್ರೆ ಐನೂರಕ್ಕೆ ನಿಲ್ತಿತ್ತಾ? ಯಾರೋ ಒಬ್ರು ಅಷ್ಟನ್ನೂ ಒಂದೇ ಸಲ ಸುರಿದವ್ರೆ. ಸಂತೆ ಮುಗಿದ್ ಮೇಲೆ ಮೂಟೆ ಬಿಚ್ಚಿದ್ರೆ ಬೆಲೆ ಬೀಳದೇ ಏನಾಗ್ತೈತೆ? ಕೂತ್ಕಳಿ. ಟೀ ಕುಡೀರಿ. ನಾಳಿದ್ದು ನೋಡಿ." ಮೇಷ್ಟ್ರು ಚೀಟಿ ಹರಿದು ಹಾಕಿದರು. ಉಗ್ರಪ್ಪ ಫೋನ್ ಇಟ್ಟರು. ನಾಲ್ಕು ಟೀ ತರಿಸಿದರು, ಒಂದು ನನಗೆ. ಕುಡಿದೆ, ರುಚಿ ಗೊತ್ತಾಗಲಿಲ್ಲ.

ಎರಡು ದಿನ ಕಳೆಯುವುದರಲ್ಲಿ ಬೆಲೆ ಇದ್ದ ಜಾಗಕ್ಕೆ ಬಂದು ಮತ್ತೆ ಮಲಗಿತು. ಹಳೇಬೀಡಿನಿಂದ ಬಂದ ನಿನ್ನ ಅಮ್ಮ ಚೀಲ ಕೆಳಗಿಡುವ ಮುಂಚೆಯೇ ನಗುತ್ತಾ ಹೇಳಿದಳು. ದಿನಾ ಬೆಳಿಗ್ಗೆ ಹಾಲು ಹಾಕಿ ಬಂದ ಮೇಲೆ ಅವಳು ಆ ಷೇರನ್ನು ಬಹಳ ಕಮ್ಮಿ ಬೆಲೆಗೆ ಕೇಳಿಟ್ಟಿರುತ್ತಾಳಂತೆ, ಸಿಕ್ಕರೆ ಸಿಕ್ಕಿತು ಎಂದು. ಹಳೇಬೀಡಿನಲ್ಲೂ ಅದನ್ನು ತಪ್ಪಿಸಿಲ್ಲ. ಎಂಟು ತಿಂಗಳು ಸಿಗದೇ ಇದ್ದದ್ದು ಅವತ್ತು ಸಿಕ್ಕಿತು, ಕೊನೆಯ ಮೆಟ್ಟಿಲಿಗೆ ಉರುಳಿದ ಇನ್ನೂರು ಷೇರು. "ಯಾವನೋ ತಲೆ ಕೆಟ್ಟೋನು ಕಣ್ರೀ, ಪುಣ್ಯಾತ್ಮ, ನನ್ ಮಡಿಲಿಗೇ ತಂದು ಹಾಕ್ದ!" ಅಂದಳು. ನನ್ನ ಕೈಬಿಟ್ಟ ಷೇರು ಹಳೇಬೀಡಿನ ಮೇಲೆ ಹಾದು ನಮ್ಮ ಮನೆಗೇ, ಅವಳ ಹೆಸರಿಗೆ ಬಂದು ಕೂತಿದೆ. ಆಗಲೇ ಹೇಳಿಬಿಡಬೇಕಿತ್ತು. ಅವಳ ಕೈಯಿಂದ ಚೀಲ ಇಸಿದುಕೊಂಡು ಒಳಗೆ ಹೋದೆ.

ಈಗ ನನ್ನ ಪಾಡು ಕೇಳು. ಗುರುವಾರದ ಮಾತನ್ನು ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ದಿನಾ ನನ್ನನ್ನು ಎದುರಿಗೆ ಕೂರಿಸಿಕೊಂಡು ಅಭ್ಯಾಸ ಮಾಡುತ್ತಾಳೆ. ಮೊದಲಿಗೆ ಬರುವುದೇ ಆ ತಲೆ ಕೆಟ್ಟವನ ಕಥೆ. ಅದನ್ನಾದರೂ ಸಹಿಸಿಕೊಳ್ಳುತ್ತಿದ್ದೆ. ಅದರ ಬೆನ್ನಿಗೇ, "ನಮ್ಮನೆಯವ್ರನ್ನೇ ನೋಡಿ. ಮೂವತ್ತು ವರ್ಷ ಮಾರ್ಕೆಟ್ಟು ಕಂಡೋರು. ಐನೂರು ಷೇರು ಇಟ್ಕಂಡು ಎಂಟು ತಿಂಗಳಿಂದ ಒಂದಿನ ಅಲ್ಲಾಡಿಲ್ಲ. ಅಂಥಾ ತಾಳ್ಮೆ ಬೇಕು" ಅನ್ನುತ್ತಾಳೆ. ಅನ್ನುವಾಗ ನನ್ನ ಕಡೆ ಕೈ ತೋರಿಸುತ್ತಾಳೆ! ನನ್ನ ಹತ್ತಿರ ಐನೂರು ಇದ್ದದ್ದು ಗೊತ್ತು, ಅವತ್ತು ಮಾರಾಟವಾದದ್ದು ಐನೂರು ಚಿಲ್ಲರೆ ಎಂದೂ ಗೊತ್ತು. ಇಡೀ ಬೆಂಚಿನವರಿಗೆ ಲೆಕ್ಕ ಬಿಡಿಸಿ ಹೇಳಿದವಳಿಗೆ ಗಂಡನ ಮೇಲೆ ಮಾತ್ರ ಅನುಮಾನ ಬಂದಿಲ್ಲ ನೋಡು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಮಗಳೇ, ಈ ನಂಬಿಕೆ ತಡೆಯಲು ಆಗುತ್ತಿಲ್ಲ. ಅರುಣಾಳೂ ಆ ಸಭೆಗೆ ಬರುತ್ತಾಳೆ. ಅವಳು ಬಾಯಿ ಬಿಡುವುದಿಲ್ಲ. ಆದರೆ ಸಭೆಯಲ್ಲಿ ಒಬ್ಬಳಿಗಾದರೂ ಅದು ಸುಳ್ಳೆಂದು ಗೊತ್ತಿರುತ್ತದಲ್ಲ. ನಿನ್ನ ಅಮ್ಮನ ಮಾತು ಇವತ್ತಿನವರೆಗೆ ಹುಸಿ ಹೋಗಿಲ್ಲ. ಅದಕ್ಕೇ ಅಲ್ಲವೇ ಮೇಷ್ಟ್ರಂಥವರು ಒಂದು ಫೋನಿಗೆ ಚೀಟಿ ಹರಿದು ಹಾಕಿದ್ದು?

ನಿನಗೆ ಒಂದು ವಿಷಯ ಹೇಳುತ್ತೇನೆ, ಯಾರಿಗೂ ಹೇಳಿಲ್ಲ. ಅವತ್ತು ಆ ಕೋಣೆಯಲ್ಲಿ ಕೈ ಮುಗಿದುಕೊಂಡು ನಿಂತಿದ್ದಾಗ, ಅಷ್ಟು ನಾಚಿಕೆಯ ನಡುವೆಯೂ, ಅವಳ ದನಿ ಕೇಳಿ ನನಗೆ ಹೆಮ್ಮೆಯಾಯಿತು. ಓದಿದ ಮೇಷ್ಟ್ರು ಹೆದರಿದ್ದರು, ಲೋಕ ಸುತ್ತಿದ ಗಾರ್ಡ್ ಹೆದರಿದ್ದರು, ಮಾರುಕಟ್ಟೆಯಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡ ನಾನು ನನ್ನ ನೆರಳಿಗೆ ನಾನೇ ಹೆದರಿದ್ದೆ. ಹೆದರದವಳು ಅವಳೊಬ್ಬಳೇ. ಏರಿದಾಗ ಬುದ್ಧಿವಂತರಾಗುವುದು ಎಲ್ಲರಿಗೂ ಬರುತ್ತದೆ. ಏನೂ ಆಗದಿರುವಾಗ ಸುಮ್ಮನಿರುವುದು, ಒಬ್ಬ ಕೂಗಿದನೆಂದು ಊರೇ ಓಡುವಾಗ ನಿಂತು ನೋಡುವುದು, ಅದಕ್ಕೆ ಬೇರೆಯೇ ಎದೆ ಬೇಕು. ಮೂವತ್ತೊಂದು ವರ್ಷ ಅವಳಿಗೆ ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಹೇಳಿದ್ದೇನೆ, ಕಮ್ಮಿಯಾಯಿತು ಎಂದು ಹೇಳಿದ್ದೇನೆ. ನೀನು ಜಾಣೆ ಕಣೇ ಎಂದು ಒಂದು ದಿನವೂ ಹೇಳಿಲ್ಲ. ನೀನು ಪೊಲೀಸ್ ಪರೀಕ್ಷೆ ಪಾಸಾದಾಗ ಊರವರೆಲ್ಲ ಮಗಳು ಅಪ್ಪನ ಹಾಗೆ ಗಟ್ಟಿ ಎಂದರು, ನಾನು ಮೀಸೆ ಸವರಿಕೊಂಡೆ. ಸುಳ್ಳು. ನಿನಗೆ ಬಂದಿರುವುದು ಅವಳ ಗಟ್ಟಿತನ. ಎದುರಾಳಿ ಕಿರುಚಿದಾಗ ಕಣ್ಣು ಮಿಟುಕಿಸದೆ ನಿಲ್ಲು ಎಂದು ಅಲ್ಲಿ ನಿಮಗೆ ಕಲಿಸುತ್ತಿರಬೇಕು. ನಿನಗೆ ಅದು ಬೇಗ ಬರುತ್ತದೆ.

ಬಹಳ ಬರೆದೆ. ಕಾಲು ನೋಡಿಕೊ. ಹಾಲು ಕೊಟ್ಟರೆ ಬೇಡ ಅನ್ನಬೇಡ. ನಿನ್ನ ಜೊತೆಯ ಹುಡುಗಿಯರಿಗೆಲ್ಲ ಈ ಅಪ್ಪನ ಹಾರೈಕೆ ಹೇಳು, ಪರೇಡಿನ ದಿನ ಎಲ್ಲರಿಗೂ ಕೊಬ್ಬರಿ ಮಿಠಾಯಿ ತರುತ್ತೇನೆ. ನೂರು ಕಾಲ ಬಾಳು, ತಲೆ ಎತ್ತಿಕೊಂಡು ಬಾಳು.

ಇಂತಿ ನಿನ್ನ ಅಪ್ಪ,
ಕೆಂಚಪ್ಪ

ಮರೆತಿದ್ದೆ: ಈ ಕವರಿಗೆ ನಾನು ಗೋಂದು ಹಚ್ಚುವುದಿಲ್ಲ. ಬಾಯಿ ತೆರೆದೇ ಅವಳ ನೋಟ್‌ಬುಕ್ಕಿನ ಮೇಲಿಟ್ಟು, ಪೋಸ್ಟ್ ಮಾಡು ಎಂದಷ್ಟೇ ಹೇಳಿ ತೋಟಕ್ಕೆ ಹೋಗುತ್ತೇನೆ. ಕಡಲೆಪುರಿ ಕಟ್ಟಿದ ಪೇಪರನ್ನೂ ಬಿಡಿಸಿ ಓದುವವಳು ಇದನ್ನು ಬಿಟ್ಟಾಳೆಯೇ? ಎದುರಿಗೆ ನಿಂತು ಹೇಳಲಾಗದ ಮಾತು ಎರಡಿದ್ದವು, ನನ್ನ ತಪ್ಪು, ಅವಳ ಮೇಲಿನ ಹೆಮ್ಮೆ. ಎರಡೂ ಇದರಲ್ಲಿವೆ. ಬರೆದದ್ದು ನಿನಗೇ ಮಗಳೇ, ಆದರೆ ಮೊದಲು ಓದಬೇಕಾದವಳು ಅವಳು.

ಹೇಮಾ, ಇದು ಅಮ್ಮ ಬರೀತಿರೋದು. ಓದಿದೆ, ಗೋಂದು ನಾನೇ ಹಚ್ಚುತ್ತಿದ್ದೇನೆ. ಅಳು ಬಂತು, ಕೋಪವೂ ಬಂತು, ಯಾವುದು ಮೊದಲು ಗೊತ್ತಿಲ್ಲ. ತೋಟಕ್ಕೇ ಹೋದೆ. ಗುರುವಾರ ಆ ಕಥೆ ಬಿಟ್ಟುಬಿಡ್ತೀನಿ ಬಿಡಿ ಅಂದೆ. ಒಪ್ಪಲಿಲ್ಲ. "ಬಿಡಬೇಡ, ಹೇಳು. ಯಾವನೋ ಅನ್ಬೇಡ, ಹೆಸರು ಹಿಡಿದೇ ಹೇಳು. ನಾನು ಮುಂದ್ಗಡೆ ಕುರ್ಚೀಲೇ ಕೂತಿರ್ತೀನಿ" ಅಂದರು. ಮದುವೆ ದಿನ ಹೊಸ್ತಿಲಲ್ಲಿ ಅಡ್ಡ ನಿಂತು ಹೇಳಿಸಿದ್ದು ಬಿಟ್ಟರೆ ಇವರ ಹೆಸರನ್ನು ನಾನು ಇವತ್ತಿನವರೆಗೂ ಬಾಯಲ್ಲಿ ಅಂದಿಲ್ಲ ಕಣೇ. ಈಗ ಮೈಕಿನಲ್ಲಿ ಹೇಳಬೇಕು. ಹಿತ್ತಲಲ್ಲಿ ಎಮ್ಮೆ ಮುಂದೆ ನಿಂತು ಎರಡು ಸಲ ಹೇಳಿ ನೋಡಿದೆ. ಕೆಂಚಪ್ಪ. ಬರುತ್ತೆ ಕಣೇ.